ಬೆಳಕು ಬಿದ್ದ ಕಡೆ

ಬೆಳಗಿನ ಮೊದಲ ಪ್ರತಿಯನ್ನು ಅವಳು ಯಾರಿಗೂ ತೋರಿಸುತ್ತಿರಲಿಲ್ಲ. ಉಳಿದವರು ಬಂದು ಕುರ್ಚಿ ಎಳೆದಾಡುವ ಮೊದಲೇ ಕಚೇರಿಗೆ ಬಂದು, ಜೆರಾಕ್ಸ್ ಯಂತ್ರ ಬಿಸಿಯಾಗುವವರೆಗೆ ಕಾದು, ಗಾಜಿನ ಮೇಲೆ ಒಂದು ಖಾಲಿ ಹಾಳೆ ಮಗುಚಿ ಹಾಕಿ ಗುಂಡಿ ಒತ್ತುತ್ತಿದ್ದಳು. ಖಾಲಿಯ ನಕಲು ಖಾಲಿಯಾಗಿಯೇ ಬರಬೇಕು. ಆದರೆ ಬೆಚ್ಚಗೆ ತಟ್ಟೆಗೆ ಬಂದು ಬೀಳುತ್ತಿದ್ದ ಹಾಳೆಯ ಮೇಲಿನ ಅರ್ಧದಲ್ಲಿ ಬೂದು ಬಣ್ಣದ ಒಂದು ಮಬ್ಬು ಇರುತ್ತಿತ್ತು. ಬೇರೆಯವರು ನೋಡಿದರೆ ಒದ್ದೆ ಕೈ ತಾಗಿದ ಕಲೆ ಅನ್ನಬೇಕು. ಅವಳಿಗೆ ಅದು ತಮ್ಮನ ಎಡ ಹುಬ್ಬು, ಮೂಗಿನ ಒಂದು ಪಕ್ಕ, ಫೋಟೋ ತೆಗೆಯುವವನು ನಗು ಎಂದಾಗ ನಗಲು ಹೊರಟು ಅರ್ಧಕ್ಕೇ ನಿಂತ ಬಾಯಿ. ಕಿಟಕಿಯ ಹತ್ತಿರ ಹೋಗಿ ಹಾಳೆಯನ್ನು ಓರೆಯಾಗಿ ಹಿಡಿದರೆ ಕಿವಿಯೂ ಕಾಣುತ್ತಿತ್ತು. ಅಥವಾ ಕಿವಿ ಎಲ್ಲಿರಬೇಕೆಂದು ಅವಳಿಗೆ ಗೊತ್ತಿದ್ದುದರಿಂದ ಕಂಡಂತಾಗುತ್ತಿತ್ತು. ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸದ್ದು ಕೇಳಿದ ಕೂಡಲೇ ಹಾಳೆಯನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದಳು. ಈ ದಿನ ಮುಖ ನಿನ್ನೆಗಿಂತ ಮಸುಕಾಗಿದೆ ಅನ್ನಿಸಿತು. ಮತ್ತೊಂದು ಖಾಲಿ ಹಾಳೆ ಹಾಕಿದಳು, ಅದು ಮಾಡಬಾರದ ಕೆಲಸವೆಂದು ಗೊತ್ತಿದ್ದೂ.

ಮನೆ ಕಟ್ಟುವವರಿಗೆ ಅನುಮತಿ ಕೊಡುವ ಕಚೇರಿ ಅದು. ಊರಿನಲ್ಲಿ ಯಾರು ಗೋಡೆ ಎಬ್ಬಿಸಬೇಕಾದರೂ ನಕ್ಷೆಯ ಪ್ರತಿ ಅವಳ ಕೋಣೆಯನ್ನು ಹಾದೇ ಹೋಗಬೇಕು. ಕೋಣೆ ಎಂದರೆ ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಜಾಗ. ಎಲ್ಲರೂ ಅವಳನ್ನು ನಕಲಮ್ಮ ಎನ್ನುತ್ತಿದ್ದರು, ಮುಖದೆದುರಿಗೇ, ಕೆಟ್ಟ ಮನಸ್ಸಿನಿಂದಲ್ಲ. ಹೆಸರು ಹಿಡಿದು ಕರೆದರೆ ಈಗ ಅವಳೇ ತಿರುಗುತ್ತಿರಲಿಲ್ಲವೇನೋ. ಹೆಡ್‌ಕ್ಲಾರ್ಕು ಒಂದು ನಕ್ಷೆ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತ. ಅವನಿಗೆ ಒಳಗೆ ಬರುವ ಅಭ್ಯಾಸವಿಲ್ಲ. ಟೋನರ್ ಪುಡಿ ಅಂಗಿಗೆ ಹತ್ತುತ್ತದೆಂದು ಹೆದರಿಕೆ. "ನೋಡಿ ನಕಲಮ್ಮ, ಈ ಮನೆಯಲ್ಲಿ ಆಗಲೇ ಯಾರೋ ಬಂದು ಮಲಗಿಬಿಟ್ಟಿದಾರೆ," ಎಂದ. ಅವನ ಬೆರಳು ಮಲಗುವ ಕೋಣೆಯ ಮೇಲಿತ್ತು. ನಾಲ್ಕು ಗೋಡೆಗೆರೆಗಳ ನಡುವೆ ತಮ್ಮನ ಹುಬ್ಬು ಅಡ್ಡಲಾಗಿ ಬಿದ್ದಿತ್ತು. "ಎರಡು ಪಾರ್ಟಿ ವಾಪಸ್ ತಂದ್ರು. ಸಾಹೇಬರು ಕೇಳ್ತಿದಾರೆ, ಯಾರಾದ್ರೂ ಮಿಷನ್ನನ್ನ ಸ್ವಂತಕ್ಕೆ ಉಪಯೋಗಿಸ್ತಿದಾರಾ ಅಂತ." ಅವನು ಯಾರ ಹೆಸರನ್ನೂ ಹೇಳಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಅವಳ ಕೈ ಬುಟ್ಟಿಯ ಕಡೆಗೆ ಹೋಯಿತು. "ಹಳೇ ಮಿಷನ್ನು ಸಾರ್, ಒಂದೊಂದು ಸಲ ಹಾಗೆ ಬರುತ್ತೆ," ಎಂದಳು. ತನ್ನ ದನಿ ತನಗೇ ಅಂಗಡಿಯವಳ ದನಿಯಂತೆ ಕೇಳಿಸಿತು. "ಮೆಕ್ಯಾನಿಕ್ಕಿಗೆ ಹೇಳಿದೀನಿ, ಈಗ ಬರ್ತಾನೆ," ಎಂದು ಹೆಡ್‌ಕ್ಲಾರ್ಕು ಹೋದ. ಹೋಗುವಾಗ ಬಾಗಿಲಿಗೆ ತಾಗಿದ ತೋಳನ್ನು ಎರಡು ಸಲ ಕೊಡವಿಕೊಂಡ.

ಮೆಕ್ಯಾನಿಕ್ಕು ಬಂದರೆ ಮುಖ ಹೋಗುತ್ತದೆ. ಅವಳಿಗೆ ಬೇರೆ ಯೋಚನೆಯೇ ಬರಲಿಲ್ಲ. ಕೆಲಸ ಹೋಗಬಹುದು, ಸಾಹೇಬರು ಕರೆದು ಎಲ್ಲರೆದುರು ಕೇಳಬಹುದು, ಅದೆಲ್ಲ ದೂರದ ಬೀದಿಯ ಗದ್ದಲದಂತಿತ್ತು. ತಮ್ಮ ಹೋಗಿ ಒಂದು ತಿಂಗಳು ಕಳೆದಿತ್ತು, ಮನೆಯಲ್ಲಿ ಅವನ ವಾಸನೆಯೂ ಉಳಿದಿರಲಿಲ್ಲ. ದಿಂಬಿನ ಕವಚವನ್ನು ಮೊದಲ ವಾರವೇ ತಾನೇ ಒಗೆದು ಹಾಕಿದ್ದಳು, ಬಂದಾಗ ಶುಚಿಯಾಗಿರಲಿ ಎಂದು. ಹೋದ ದಿನ ಅವನು ತಿಂದ ತಟ್ಟೆ ತೊಳೆದಿಟ್ಟಿದ್ದ, ಎರಡು ಅಂಗಿ, ಗಡ್ಡ ಹೆರೆಯುವ ರೇಜರ್ ತೆಗೆದುಕೊಂಡಿದ್ದ. ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿ, "ರೇಜರ್ ತಗೊಂಡು ಹೋದವನು ಕಾಣೆಯಾದವನಲ್ಲಮ್ಮ, ಹೋದವನು," ಎಂದಿದ್ದ. ನಿಮಗೆ ಅವನು ಗೊತ್ತಿಲ್ಲ, ಅವನು ಹಾಗೆಲ್ಲ ಹೋಗುವವನಲ್ಲ, ಹೋದರೆ ದಾರಿ ತಿಳಿಯುವುದಿಲ್ಲ ಎಂದು ಅವಳು ವಾದಿಸಿದ್ದಳು. ನಲವತ್ತು ದಾಟಿದ ಗಂಡಸು, ಎಂದು ಪೊಲೀಸಿನವನು ಗೊಣಗಿದ್ದ. ಹಾಗಾಗಿ ಕಾಣೆಯಾಗಿದ್ದಾರೆ ಎಂಬ ಕಾಗದವನ್ನು ಅವಳೇ ಮಾಡಿದಳು. ಶನಿವಾರ ಅರ್ಧ ದಿನ, ಎಲ್ಲರೂ ಹೋದ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು, ಮೇಲೆ ಫೋಟೋ ಕೆಳಗೆ ವಿವರ ಇದ್ದ ಆ ಒಂದೇ ಹಾಳೆಯನ್ನು ಗಾಜಿನ ಒಂದೇ ಮೂಲೆಗೆ ಒತ್ತಿಟ್ಟು, ರೀಮುಗಟ್ಟಲೆ ಪ್ರತಿ ತೆಗೆದಳು. ನಡುನಡುವೆ ಯಂತ್ರಕ್ಕೆ ಬಿಡುವು ಕೊಡಬೇಕು, ಇಲ್ಲದಿದ್ದರೆ ಅದು ಹಿಡಿದದ್ದನ್ನು ಬಿಡುವುದಿಲ್ಲ. ಈ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ವಾರ ಕಲಿಸುವ ಪಾಠ ಅದು, ಅವಳೇ ಎಷ್ಟು ಹುಡುಗಿಯರಿಗೆ ಕಲಿಸಿರಲಿಲ್ಲ. ಆ ದಿನ ಒಂದು ಗಳಿಗೆಯೂ ಕೊಡಲಿಲ್ಲ. ಹಸಿರು ಬೆಳಕು ಅತ್ತಿಂದಿತ್ತ ಓಡುತ್ತಿತ್ತು, ತಟ್ಟೆಯಲ್ಲಿ ತಮ್ಮಂದಿರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಇಷ್ಟೊಂದು ಇದ್ದ ಮೇಲೆ ಒಬ್ಬನಾದರೂ ಸಿಕ್ಕೇ ಸಿಗುತ್ತಾನೆ ಎಂಬ ಹುಚ್ಚು ಧೈರ್ಯ ಅವಳಿಗೆ ಬಂದಿತ್ತು. ಆ ಮಧ್ಯಾಹ್ನದಷ್ಟು ಅವಳು ಆ ತಿಂಗಳಲ್ಲಿ ಇನ್ನು ಯಾವಾಗಲೂ ಸುಖವಾಗಿರಲಿಲ್ಲ.

ಮೆಕ್ಯಾನಿಕ್ಕು ಮಾತಿನ ಮನುಷ್ಯ. ಯಂತ್ರದ ಮುಂಬಾಗಿಲು ತೆಗೆದವನೇ ಹಲ್ಲು ನೋಡುವ ಡಾಕ್ಟರರ ಹಾಗೆ ನಾಲಗೆ ಲೊಚಗುಟ್ಟಿದ. ಕಿಟಕಿಯ ಪರದೆ ಎಳೆಯಲು ಹೇಳಿ, ಮಬ್ಬಿನಲ್ಲಿ ಒಳಗಿನ ಡ್ರಮ್ಮನ್ನು ಎರಡು ಕೈಯಲ್ಲಿ ಕೂಸನ್ನು ಎತ್ತುವಂತೆ ಎತ್ತಿದ. ಕನ್ನಡಿಯಂತೆ ಹೊಳೆಯುವ ಕಡುಬೂದು ಉರುಳೆ. ಇಷ್ಟು ವರ್ಷ ಅದರ ಜೊತೆಯಲ್ಲಿದ್ದೂ ಅವಳು ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. "ಇದು ನೋಡೋಕೆ ಸ್ಟೀಲಿನ ಹಾಗಿದೆ, ಅಲ್ವಾಮ್ಮ? ಆದ್ರೆ ಮೇಲಿನ ಲೇಪ ಲೋಹ ಅಲ್ಲ. ಸೆಲೆನಿಯಮ್. ಗಂಧಕದ ದಾಯಾದಿ. ತಾಮ್ರ ಗೀಮ್ರ ಆಗಿದ್ರೆ ಹಗಲೂ ರಾತ್ರಿ ಕರೆಂಟು ಹರಿಯೋಕೆ ಬಿಡ್ತಿತ್ತು. ಇದು ಹಾಗಲ್ಲ. ಕತ್ತಲಲ್ಲಿ ಕೊಟ್ಟಿದ್ದನ್ನ ಹೊಟ್ಟೇಲಿ ಇಟ್ಕೊಂಡು ಗಟ್ಟಿಯಾಗಿ ಕೂತಿರುತ್ತೆ. ಬೆಳಕು ಬಿತ್ತೋ, ಬಿದ್ದ ಕಡೆ ಮಾತ್ರ ಬಿಟ್ಟುಕೊಡುತ್ತೆ. ಬಿಡದೆ ಉಳಿದ ಕಡೆ ಪುಡಿ ಅಂಟಿಕೊಳ್ಳುತ್ತೆ. ಅದೇ ನಿಮ್ಮ ಅಕ್ಷರ." ಅವಳು ತಲೆಯಾಡಿಸಿದಳು. ಲೋಹವಲ್ಲ ಎಂಬ ಮಾತಿನಲ್ಲೇ ಅವಳ ಮನಸ್ಸು ಸಿಕ್ಕಿಕೊಂಡಿತ್ತು. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಮೇಜಿನ ಮೇಲೆ ಬ್ಯಾಟರಿ, ಎರಡು ತಂತಿ, ಟಾರ್ಚಿನ ಬಲ್ಬು ಇಟ್ಟಿದ್ದರು. ಮೊಳೆ ಇಟ್ಟರೆ ಉರಿಯಿತು, ಬೀಗದ ಕೈ ಇಟ್ಟರೆ ಉರಿಯಿತು, ಗಂಧಕದ ಹಳದಿ ಹರಳು ಇಟ್ಟರೆ ಉರಿಯಲಿಲ್ಲ. ಲೋಹಗಳಲ್ಲಿ ವಿದ್ಯುತ್ ಹರಿಯುತ್ತದೆ, ಅಲೋಹಗಳಲ್ಲಿ ಹರಿಯುವುದಿಲ್ಲ, ಬರೆದುಕೊಳ್ಳಿ. ತಾನು ಆ ತರಗತಿಯಲ್ಲಿದ್ದ ವರ್ಷ ಅವಳು ಬರೆದುಕೊಂಡಿದ್ದಳು. ತಮ್ಮ ಆ ತರಗತಿಗೆ ಬಂದ ವರ್ಷ ಅವನು ಮನೆಗೆ ಬಂದು ಪೆನ್ಸಿಲನ್ನು ಎರಡೂ ಕಡೆ ಚೂಪು ಮಾಡಿ ತಂತಿ ಮುಟ್ಟಿಸಿ, "ಅಕ್ಕಾ, ಉರೀತು! ಇದು ಇದ್ದಿಲ ಜಾತಿ, ಆದ್ರೂ ಉರೀತು!" ಎಂದು ಕೂಗಿದ್ದ. ಬಲ್ಬು ಮಂಕಾಗಿ ಕೆಂಪಗಿತ್ತು. ಅವಳು ಪುಸ್ತಕ ತೆರೆದು ತೋರಿಸಿದ್ದಳು: ಹರಿಯುವುದಿಲ್ಲ ಅಂತ ಇದೆ ನೋಡು, ಸುಮ್ಮನೆ ಬ್ಯಾಟರಿ ಹಾಳು ಮಾಡಬೇಡ. ಪರೀಕ್ಷೆಯಲ್ಲಿ ಅವನು, ಕೆಲವು ಅಲೋಹಗಳಲ್ಲಿ ಹರಿಯುತ್ತದೆ, ನಾನು ನೋಡಿದ್ದೇನೆ, ಎಂದು ಬರೆದ. ಮೇಷ್ಟ್ರು ಅದನ್ನು ತರಗತಿಗೆಲ್ಲ ಓದಿ ಹೇಳಿದರು. ನಾನು ನೋಡಿದ್ದೇನೆ ಎಂಬುದು ಶಾಲೆಯಲ್ಲಿ ಒಂದು ವರ್ಷ ನಗೆಯ ಮಾತಾಗಿ ಉಳಿಯಿತು. ಹಾಗೆಂದು ಅವನೇನು ಮಹಾ ಜಾಣನಾಗಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಆ ಪತ್ರಿಕೆಯ ಉಳಿದ ಉತ್ತರಗಳೆಲ್ಲ ನಿಜವಾಗಿಯೂ ತಪ್ಪೇ ಇದ್ದವು, ಲೆಕ್ಕದಲ್ಲಂತೂ ಕೇಳುವುದೇ ಬೇಡ. ಅವನು ಆ ತರಗತಿಯಲ್ಲೇ ಇನ್ನೊಂದು ವರ್ಷ ಕುಳಿತ. ಅಮ್ಮ ಆ ವರ್ಷದಿಂದ ಬಂದವರಿಗೆಲ್ಲ ಅವನ ವಿಷಯ ಹೇಳುವಾಗ ದನಿ ತಗ್ಗಿಸತೊಡಗಿದಳು. ಅಮ್ಮ ತೀರಿಕೊಂಡ ಮೇಲೆ ದನಿ ತಗ್ಗಿಸುವ ಕೆಲಸ ಅವಳ ಪಾಲಿಗೆ ಬಂತು.

"ಒಂದೇ ಚಿತ್ರ ಸಿಕ್ಕಾಪಟ್ಟೆ ಹೊಡೆದಿದೀರಿ," ಎಂದ ಮೆಕ್ಯಾನಿಕ್ಕು. "ಬಿಡುವೇ ಕೊಟ್ಟಿಲ್ಲ. ಲೇಪಕ್ಕೆ ಸುಸ್ತಾಗಿದೆ. ಸುಸ್ತಾದಾಗ ಅದು ಹಳೇದನ್ನ ಮರೆಯೋದಿಲ್ಲ." ಕಚೇರಿಯ ಸುತ್ತೋಲೆ ಇತ್ತು, ಎಂದಳು ಅವಳು. ಅವನು ಡ್ರಮ್ಮನ್ನು ಮತ್ತೆ ಕೂರಿಸಿ, ಕಲೆ ಚೆನ್ನಾಗಿ ಎದ್ದು ಕಾಣಲೆಂದು ಬೂದು ಬಣ್ಣದ ರಟ್ಟೊಂದನ್ನು ಗಾಜಿನ ಮೇಲಿಟ್ಟು ಗುಂಡಿ ಒತ್ತಿದ. ಅವಳಿಗೆ ಅದು ಹೊಳೆದಿರಲೇ ಇಲ್ಲ. ಇಷ್ಟು ದಿನ ಬಿಳಿ ಹಾಳೆಯಲ್ಲಿ ಹುಡುಕಾಡಿದ್ದ ಮುಖ ಬೂದು ಹಾಳೆಯ ಮೇಲೆ ಇಡಿಯಾಗಿ ಬಂದು ಬಿತ್ತು, ಎರಡೂ ಕಣ್ಣು, ಕಿವಿ, ಕಾಲರಿನ ಗುಂಡಿ. ಮೆಕ್ಯಾನಿಕ್ಕು ಅದನ್ನು ಎತ್ತಿ ನೋಡಿದ. ಅವಳು ಸಾಹೇಬರು, ಸುತ್ತೋಲೆ, ಏನು ಹೇಳಲಿ ಎಂದು ತಡಕಾಡುತ್ತಿದ್ದಾಗ ಅವನು, "ಅರೆ, ಇವರು ಆಸ್ಪತ್ರೆ ಬಟ್ಟೆ ಒಗೆಯೋ ಲಾಂಡ್ರೀಲಿ ಇದಾರಲ್ಲ," ಎಂದ. "ನಮ್ಮ ಅಂಗಡಿ ಹಿಂದಿನ ಬೀದಿ. ಆ ಕಾಣೆಯಾಗಿದ್ದಾರೆ ಕಾಗದ ನಾನೂ ನೋಡಿದ್ದೆ. ಅವರಿಗೇ ಹೇಳ್ದೆ, ನಿಮ್ಮನ್ನ ಹುಡುಕ್ತಿದಾರೆ ಅಂತ. ಗೊತ್ತು, ನಾನೇ ತಿಳಿಸ್ತೀನಿ ಅಂದ್ರು. ತಿಳಿಸಿಲ್ವಾ? ನೀವು ಅವರಿಗೆ ಏನಾಗಬೇಕು?" ಅವಳು, ಅಕ್ಕ, ಎಂದಳು. ಮೆಕ್ಯಾನಿಕ್ಕಿಗೆ ಸಂಕೋಚವಾಯಿತು. ಡ್ರಮ್ಮನ್ನು ಬಿಚ್ಚಿ ಕಪ್ಪು ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗೆ ಮಲಗಿಸಿ, "ನಾಳೆ ನಾಡಿದ್ದು ಹೀಗೇ ಕತ್ತಲಲ್ಲಿರ್ಲಿ. ಸುಸ್ತು ಹೋಗುತ್ತೆ, ಮುಖಾನೂ ಹೋಗುತ್ತೆ. ಬಟ್ಟೆ ಬಿಚ್ಚಬೇಡಿ. ಹೆಡ್‌ಕ್ಲಾರ್ಕಿಗೆ ಮಿಷನ್ನಿನ ವಯಸ್ಸಿನ ದೋಷ ಅಂತ ಹೇಳ್ತೀನಿ," ಎಂದ. ಅದು ಸುಳ್ಳೂ ಅಲ್ಲ, ಎಂದು ಸೇರಿಸಿದ. ಬೂದು ಹಾಳೆಯನ್ನು ಅವಳ ಕೈಗೆ ಕೊಡಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಮೇಜಿನ ತುದಿಯಲ್ಲಿಟ್ಟು ಹೋದ.

ಮಧ್ಯಾಹ್ನದ ರಜೆ ಬರೆದುಕೊಟ್ಟು ಬಸ್ಸು ಹತ್ತಿದಳು. ಇದ್ದಾನೆ ಎಂಬುದು ಮೊದಲು ಸಂತೋಷವಾಗಿಯೇ ಬಂತು, ಕಣ್ಣಲ್ಲಿ ನೀರೂ ಬಂತು, ಪಕ್ಕದ ಸೀಟಿನವಳು ಕಿಟಕಿ ಹಾಕಲೇ ಎಂದು ಕೇಳಿದಳು. ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ಸಂತೋಷದ ಅಡಿಯಿಂದ ಇನ್ನೇನೋ ಎದ್ದು ಬರತೊಡಗಿತು. ಗೊತ್ತು ಎಂದನಂತೆ. ಕಾಗದ ನೋಡಿದ್ದಾನೆ. ಇದೇ ಊರಲ್ಲಿ, ಒಂದು ಬಸ್ಸಿನಷ್ಟು ದೂರದಲ್ಲಿ ಕುಳಿತುಕೊಂಡು, ಅವಳು ಗೋಂದಿನ ಡಬ್ಬಿ ಹಿಡಿದು ಕಂಬ ಕಂಬ ಸುತ್ತುವುದನ್ನು ಬಲ್ಲವನಾಗಿದ್ದೂ ಸುಮ್ಮನಿದ್ದಾನೆ. ಇಲ್ಲ, ಅವನಿಗೆ ಹೇಗೆ ತಿಳಿಸಬೇಕೆಂದು ತಿಳಿದಿಲ್ಲ ಅಷ್ಟೆ. ಯಾರೋ ಕರೆದುಕೊಂಡು ಹೋಗಿ ಕೆಲಸಕ್ಕೆ ಹಚ್ಚಿದ್ದಾರೆ, ಇವನು ಹೂಂ ಎಂದಿದ್ದಾನೆ. ಅವನು ಯಾವಾಗಲೂ ಹೂಂ ಎನ್ನುವವನು. ಬೂಟಿನ ಅಂಗಡಿಯಲ್ಲಿ ಅವಳು ಅವನ ಹಿಂದೆ ನಿಂತು, ಇವನಿಗೆ ಸ್ವಲ್ಪ ನಿಧಾನವಾಗಿ ಹೇಳಿ, ಎನ್ನುತ್ತಿದ್ದಳು. ಡಾಕ್ಟರು, ಎಲ್ಲಿ ನೋವು, ಎಂದು ಅವನನ್ನು ಕೇಳಿದರೆ ಉತ್ತರ ಅವಳಿಂದ ಬರುತ್ತಿತ್ತು. ಕಂಡಕ್ಟರನಿಗೆ, ಹೊಸ ಬಾಡಿಗೆಯವರಿಗೆ, ಕೊನೆಗೆ ಮೇಲಿನ ಮನೆಯ ಆಂಟೆನಾ ಸರಿಮಾಡಲು ಬಂದವನಿಗೂ ಮುಂಚಿತವಾಗಿ ಒಂದು ಮಾತು ಹೇಳಿಟ್ಟಿರುತ್ತಿದ್ದಳು, ಆಮೇಲೆ ಅವರು ಇವನ ಮೇಲೆ ರೇಗುವುದು ಬೇಡವೆಂದು. ಅವನು ಆಗ ಏನು ಮಾಡುತ್ತಿದ್ದ? ನೆನಪಿಸಿಕೊಳ್ಳಲು ನೋಡಿದಳು. ಎಷ್ಟು ಪ್ರಯತ್ನಿಸಿದರೂ ಕೇಳುತ್ತಿದ್ದವರ ಮುಖಗಳೇ ನೆನಪಾದವು, ಅವು ಮೆತ್ತಗಾಗುತ್ತಿದ್ದ ಬಗೆ, ಅಯ್ಯೋ ಪಾಪ, ನಿಮಗೂ ಕಷ್ಟ ಅನ್ನುವ ನೋಟ. ಮದುವೆಯ ಮಾತು ಬಂದಾಗಲೆಲ್ಲ ತಮ್ಮ ಅಡ್ಡ ಬಂದ ಎಂಬುದು ನೆಂಟರ ತೀರ್ಮಾನ. ಆ ನೋಟದ ರುಚಿ ತನಗೆ ಹತ್ತಿತ್ತೇ ಎಂಬ ಪ್ರಶ್ನೆ ಬಸ್ಸು ತಿರುವಿನಲ್ಲಿ ಓಲಾಡಿದಾಗ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತಿತು, ಅವಳು ಅದನ್ನು ಮಾತಾಡಿಸಲಿಲ್ಲ. ಬೀರುವಿನಲ್ಲಿ ಕಪ್ಪು ಬಟ್ಟೆಯೊಳಗೆ ಈಗ ಯಾವ ಭಾಗ ಅಳಿಸುತ್ತಿರಬಹುದು, ಮೂಗೋ ಹುಬ್ಬೋ, ಎಂದುಕೊಂಡಳು. ಅಳಿಸಿದರೇನಂತೆ, ಇವತ್ತು ಅವನನ್ನೇ ಕೈಹಿಡಿದು ಮನೆಗೆ ಕರೆತರುತ್ತೇನಲ್ಲ.

ಲಾಂಡ್ರಿಯ ಗೋಡೆಗೆ ಬೀದಿಯ ಕಡೆ ದೊಡ್ಡ ಗಾಜಿನ ಕಿಟಕಿಗಳಿದ್ದವು, ಹಬೆಯಿಂದ ಬೆವರಿದ್ದವು. ಬಾಗಿಲ ಪಕ್ಕದ ಕಂಬದಲ್ಲೇ ಅವಳು ಅಂಟಿಸಿದ ಕಾಗದ ಇತ್ತು. ಒಳಗೆ ಜನ ಇಬ್ಬಿಬ್ಬರಾಗಿ ಎದುರುಬದುರು ನಿಂತು ಬಿಸಿ ಉರುಳೆಯಿಂದ ಹೊರಬರುವ ಉದ್ದುದ್ದ ಹಾಸುಬಟ್ಟೆಗಳನ್ನು ಝಾಡಿಸಿ, ಹತ್ತಿರ ಬಂದು, ಮೂಲೆಗೆ ಮೂಲೆ ಸೇರಿಸಿ, ದೂರ ಹೋಗಿ, ಮತ್ತೆ ಹತ್ತಿರ ಬಂದು ಮಡಿಸುತ್ತಿದ್ದರು. ಮೇಸ್ತ್ರಿ ಇರಬೇಕು, ದಪ್ಪ ಹೆಂಗಸೊಬ್ಬಳು ನಡುವೆ ಓಡಾಡುತ್ತ, ಕೈಗೇನು ಲಕ್ವ ಹೊಡೆದಿದೆಯೇನೋ, ನಿನ್ನ ಮಾವನ ಮನೆ ಹಾಸಿಗೆ ಅಂದ್ಕೊಂಡ್ಯಾ, ಎಂದು ಒಬ್ಬೊಬ್ಬರಿಗೂ ಸರಿಯಾಗಿ ಬೈಗುಳ ಹಂಚುತ್ತಿದ್ದಳು. ಬೈಸಿಕೊಂಡವರು ನಗುತ್ತಿದ್ದರು. ತಮ್ಮ ಆ ಸಾಲಿನಲ್ಲಿರಲಿಲ್ಲ. ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕುಳಿತು ಮುಖ ಒರೆಸುವ ಸಣ್ಣ ಟವೆಲುಗಳನ್ನು ಮಡಿಸಿ ಒಟ್ಟುತ್ತಿದ್ದ. ಗಡ್ಡ ನುಣ್ಣಗೆ ಹೆರೆದಿದ್ದ. ಮೇಸ್ತ್ರಿ ಅವನ ಹತ್ತಿರ ಬಂದಾಗ ಮಾತ್ರ ಬಗ್ಗಿ, ಮೆತ್ತಗೆ ಏನೋ ಹೇಳಿ, ಅವನ ಭುಜ ತಟ್ಟಿ ಹೋದಳು. ಅದನ್ನು ನೋಡಿ ಅವಳಿಗೆ ಹೊಟ್ಟೆ ತಣ್ಣಗಾಯಿತು. ಸದ್ಯ, ಒಳ್ಳೆಯ ಜನ. ಹಗುರ ಕೆಲಸ ಕೊಟ್ಟಿದ್ದಾರೆ. ಗಾಜು ತಟ್ಟಿದಳು.

ಅವನು ಬೆಚ್ಚಲಿಲ್ಲ. ಕೈಯಲ್ಲಿದ್ದ ಟವೆಲನ್ನು ಮಡಿಸಿ ಮುಗಿಸಿ, ಒಟ್ಟಿನ ಮೇಲಿಟ್ಟು, ಹೊರಗೆ ಬಂದ. "ಬಾ ಅಕ್ಕ," ಎಂದ, ಅದೇನೋ ಅವನ ಮನೆಯ ಬಾಗಿಲು ಅನ್ನುವ ಹಾಗೆ. ಅವಳು ಅಂದುಕೊಂಡು ಬಂದ ಮಾತೆಲ್ಲ ಒಟ್ಟಿಗೆ ನುಗ್ಗಿ ಬಂತು: ಸೊರಗಿದೀಯ, ಎಲ್ಲಿ ಮಲಗ್ತೀಯ, ಒಂದು ಮಾತು ಹೇಳಬಾರದಿತ್ತಾ, ನಾನು ಸತ್ತೆ ಅಂದ್ಕೊಂಡ್ಯಾ, ನಡಿ ಮನೆಗೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಇಲ್ಲೇ ಮೇಲೆ ರೂಮಿದೆ. ನಾಲ್ಕು ಜನ ಇದೀವಿ," ಎಂದ. "ಮನೆಗೆ ಬರಲ್ಲ, ಅಕ್ಕ. ಬಂದು ಹೋಗ್ತೀನಿ ಬೇಕಾದ್ರೆ." ಅವನು ಇಷ್ಟು ನೇರವಾಗಿ ಬೇಡ ಅಂದದ್ದನ್ನು ಅವಳು ಕೇಳಿರಲಿಲ್ಲ. ಯಾರು ಹೇಳಿಕೊಟ್ಟರು ನಿನಗೆ ಇದನ್ನು, ಎಂದಳು. "ಯಾರೂ ಇಲ್ಲ," ಎಂದ. ಆಮೇಲೆ ಕಂಬದ ಕಡೆ ನೋಡಿದ, ಕೈ ಎತ್ತಿ ತೋರಿಸಲಿಲ್ಲ. "ನಾನು ಬಂದಾಗ ಹಾಸಿನ ಸಾಲಲ್ಲೇ ಇದ್ದೆ. ದೊಡ್ಡ ಉರುಳೆ ಹತ್ರ. ಮೇಸ್ತ್ರಮ್ಮ ನನಗೂ ಬೈತಿದ್ಲು, ಎಲ್ಲರಿಗೂ ಬೈದ ಹಾಗೇನೆ. ಕತ್ತೆ ಅಂದ್ಲು ಒಂದು ಸಲ." ಅದನ್ನು ಹೇಳುವಾಗ ಅವನ ಮುಖ ಅರಳಿತು. "ಆಮೇಲೆ ನೀನು ಆ ಕಾಗದ ಹಚ್ಚಿದೆ. ಮಾರನೇ ದಿನ ನನ್ನನ್ನ ಕರೆದು ಟವೆಲ್ಲಿಗೆ ಕೂರಿಸಿದ್ರು. ಈಗ ಎಲ್ಲರೂ ನನ್ನ ಹತ್ರ ನಿಧಾನವಾಗಿ ಮಾತಾಡ್ತಾರೆ. ನಮ್ಮ ರೂಮಿನವರು ಕೂಡ. ಬೀಗದ ಕೈ ನನ್ನ ಹತ್ರ ಕೊಡೋದು ನಿಲ್ಲಿಸಿದ್ರು."

ಅವಳು ಕಂಬದ ಹತ್ತಿರ ಹೋಗಿ, ಮೊದಲ ಸಲ ನೋಡುವವಳಂತೆ ಕಾಗದವನ್ನು ಓದಿದಳು. ಎತ್ತರ, ಮೈಬಣ್ಣ, ಬಲಗೈ ಮೇಲೆ ಸುಟ್ಟ ಗುರುತು. ಅಡಿಯಲ್ಲಿ, ದಪ್ಪ ಅಕ್ಷರದಲ್ಲಿ, ಎಲ್ಲರ ಕಣ್ಣಿಗೂ ಬೀಳಲೆಂದು ಎರಡೆರಡು ಸಲ ತಿದ್ದಿ ಬರೆದದ್ದು: ಬುದ್ಧಿ ಸ್ವಲ್ಪ ಕಡಿಮೆ, ದಯವಿಟ್ಟು ಗದರಿಸಬೇಡಿ. ಇದನ್ನು ಬರೆಯುವಾಗ ಅವಳ ಕೈ ಒಂದು ಕ್ಷಣವೂ ತಡೆದಿರಲಿಲ್ಲ. ಎಲ್ಲಿ ಅಲೆಯುತ್ತಿದ್ದಾನೋ, ಯಾರು ಹೊಡೆಯುತ್ತಾರೋ ಎಂಬ ಸಂಕಟದಲ್ಲಿ, ಊರಿಗೆಲ್ಲ ಒಂದು ಮಾತು ಹೇಳಿಟ್ಟಿದ್ದಳು. ಇಷ್ಟು ವರ್ಷ ಒಬ್ಬೊಬ್ಬರ ಕಿವಿಯಲ್ಲಿ ಹೇಳುತ್ತಿದ್ದುದನ್ನು ಡಂಗುರ ಹೊಡೆದಂತೆ ಸಾರಿದ್ದಳು. "ನಿನ್ನ ಒಳ್ಳೇದಕ್ಕೇ ಕಣೋ," ಎಂದಳು. ಅದು ನಿಜವಾಗಿತ್ತು, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. "ಗೊತ್ತು," ಎಂದ ತಮ್ಮ. ಅವನಿಗೆ ಕೋಪ ಬಂದಿದ್ದರೆ ಅವಳು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಅವನು ಹೇಳಿದ್ದು, "ನೀನು ಹಚ್ಚಿದ್ದನ್ನ ನಾನು ಕೀಳೋ ಹಾಗಿಲ್ಲ ಅಕ್ಕ. ಕಿತ್ರೆ, ನೋಡು, ಅವನೇ ಕೀಳ್ತಿದಾನೆ, ಪಾಪ, ಅಂತಾರೆ. ಈ ಬೀದೀದು ಮೊದಲು ತೆಗಿ. ಆಮೇಲೆ ಉಳಿದದ್ದು." ಒಳಗಿಂದ ಮೇಸ್ತ್ರಿ ಬಾಗಿಲಿಗೆ ಬಂದು, ಇಬ್ಬರನ್ನೂ ನೋಡಿ, ಅವಳ ಕಡೆ ತಿರುಗಿ ದನಿ ತಗ್ಗಿಸಿ, "ಅಕ್ಕನವರಾ? ಏನೂ ಯೋಚನೆ ಮಾಡ್ಬೇಡಿ, ನಾವು ಹುಷಾರಾಗಿ ನೋಡ್ಕೋತೀವಿ," ಎಂದಳು. ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಮೆತ್ತಗಿನ ನೋಟವೂ ಗೊತ್ತಿತ್ತು. ಈಗ ಅದು ತಮ್ಮನ ತಲೆಯ ಮೇಲಿಂದ ಹಾದು ತನ್ನ ಮುಖಕ್ಕೆ ಬಂದು ತಾಗುವುದನ್ನು, ಅಷ್ಟೂ ಹೊತ್ತು ಅವನು ನೆಲ ನೋಡುತ್ತ ನಿಲ್ಲುವುದನ್ನು, ಅವಳು ಕಂಡಳು. ಅವನು ಆಗ ಏನು ಮಾಡುತ್ತಿದ್ದ ಎಂದು ಬಸ್ಸಿನಲ್ಲಿ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ನೆಲ ನೋಡುತ್ತಿದ್ದ. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು, ಹೇಳಲು ಹೊರಟದ್ದೂ ತಗ್ಗಿದ ದನಿಯಲ್ಲೇ ಬರುತ್ತಿದೆ ಎಂದು ತಿಳಿದು ಮುಚ್ಚಿಕೊಂಡಳು. ತಮ್ಮ, "ಬರ್ತೀನಿ ಅಕ್ಕ," ಎಂದು ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತ.

ಗೋಂದು ಚೆನ್ನಾಗಿ ಹಿಡಿದಿತ್ತು. ಅವಳೇ ಗಟ್ಟಿಯಾಗಿ ಕಲಸಿದ್ದಳಲ್ಲ. ಉಗುರಿನಿಂದ ಮೂಲೆ ಎಬ್ಬಿಸಿ ಎಳೆದರೆ ಮುಖ ಕೈಗೆ ಬರುತ್ತಿತ್ತು, ಅಡಿಯ ದಪ್ಪ ಸಾಲು ಮಾತ್ರ ಕಂಬಕ್ಕೇ ಅಂಟಿಕೊಂಡು ಉಳಿಯುತ್ತಿತ್ತು. ಉಗುಳು ಹಚ್ಚಿ, ಬೆರಳಿನಿಂದ ಉಜ್ಜಿ ಉಜ್ಜಿ, ಅಕ್ಷರ ಅಕ್ಷರವಾಗಿ ಕೆರೆಯಬೇಕಾಯಿತು. ಸಂಜೆಯ ಬಿಸಿಲು ಬೀದಿಯುದ್ದಕ್ಕೂ ಬಿದ್ದಿತ್ತು, ಕೆಲಸ ಬಿಟ್ಟವರು ಹೋಗುತ್ತಿದ್ದರು. ಕೆಲವರು ನಿಂತು ನೋಡಿದರು. ಲಾಂಡ್ರಿಯ ಬೀದಿ ಮುಗಿದು ತಿರುವಿಗೆ ಬಂದಾಗ ಅವಳ ಬೆರಳ ತುದಿ ಉರಿಯುತ್ತಿತ್ತು. ಅಲ್ಲಿ ಸೈಕಲ್ ರಿಪೇರಿಯವನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಅವತ್ತು ಕಂಬಕ್ಕೆ ಕಾಗದ ಹಚ್ಚುವಾಗ ಗೋಂದು ಕಲಸಲು ನೀರು ಕೊಟ್ಟವನು ಅವನೇ. ಅವಳು ಕೆರೆಯುವುದನ್ನು ಕಂಡು ತಲೆಯೆತ್ತಿ, "ಏನಮ್ಮ, ನಿಮ್ಮ ತಮ್ಮ ಸಿಕ್ಕಿದ್ರಾ?" ಎಂದು ಕೇಳಿದ.

ಅವಳು ಅವನ ಕಡೆ ತಿರುಗಿದಳು. ಬೀದಿಯಲ್ಲಿ ಹೋಗುತ್ತಿದ್ದವರೂ ತಿರುಗುವಷ್ಟು ಗಟ್ಟಿಯಾಗಿ, "ಅವನ ಬುದ್ಧಿ ಸರಿಯಾಗಿದೆ," ಎಂದಳು.

ರಿಪೇರಿಯವನಿಗೆ ಏನೂ ತಿಳಿಯಲಿಲ್ಲ. "ಸಿಕ್ಕಿದ್ರಲ್ಲ, ಅಷ್ಟೇ ಸಾಕು ಬಿಡಿ," ಎಂದು ಅಯ್ಯೋ ಪಾಪ ಅನ್ನುವ ಮುಖ ಮಾಡಿ, ಅವಳ ಜೊತೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, "ಕೂತ್ಕೊಳ್ಳಿ, ಅಮ್ಮ. ಸ್ವಲ್ಪ, ನೀರು, ಕುಡೀತೀರಾ?" ಎಂದ.